ಮತವಿಲ್ಲದವರ ಪಕ್ಷ

ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರನ್ನು ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದುದು ಬಹುಜನರಿಗೆ ತಿಳಿದ ಸಂಗತಿ. ಉನ್ನತಿಯು ದೊಡ್ಡವರ ಸ್ವತ್ತೆಂದು ಭಾವಿಸಲಾಗದು, ಅಲ್ಪನಾದವನೂ ಧರ್ಮನಿರತನಾದರೆ ಅದನ್ನು ಪಡೆಯಬಲ್ಲನೆಂಬ ಅಭಿಪ್ರಾಯವು ಅದರಲ್ಲಿದೆ. ಆ ಗುಡ್ಡದ ಸುತ್ತಣ ಹೊಲಗಳಲ್ಲಿ ಕೂಲಿಮಾಡುವ ಅಲ್ಪರಿಗೆ ರಾಜ್ಯಭಾರದಲ್ಲಿ ಮಾತು ದೊರೆತ ಬಗೆಯನ್ನು ನಾವಿಲ್ಲಿ ವಿಚಾರಿಸೋಣ.

1936ರಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ನಿಜಾಮರ ಸೀಮೆ. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಮದ್ರಾಸು ಆಧಿಪತ್ಯದ ಸಿರುಗುಪ್ಪ; ಲಿಂಗಸುಗೂರಿನಿಂದ ಪಡುವಣಕ್ಕೆ ನಡೆದರೆ ಮುಂಬಯಿ ಪ್ರಾಂತದ ಹುನಗುಂದ. ಭಾಷೆ ಒಂದೇ, ಎರೆಮಣ್ಣು ಒಂದೇ, ಜೋಳದ ರೊಟ್ಟಿಯೂ ಒಂದೇ. ಆದರೆ ಆಳಿಕೆ ಮೂರು. ನಿಜಾಮರ ಸರಕಾರವು ಅದೇ ವರ್ಷ, ಸಾಲಕ್ಕಾಗಿ ಆಳು ದುಡಿಯುವ ‘ಭಗೇಲಾ’ ಕರಾರುಗಳ ವಿಷಯದಲ್ಲಿ ಒಂದು ಕಾನೂನನ್ನು ಹೊರಡಿಸಿತು. ಜೀತವು ಅದರಿಂದ ಅಳಿಯಲಿಲ್ಲ. ಕಾನೂನನ್ನು ಮಾಡಿದವರು ಅಧಿಕಾರಿಗಳು. ಜೀತದಾಳಿನ ಪರವಾಗಿ ಅದನ್ನು ಬೆನ್ನಟ್ಟುವ ಪಕ್ಷವಾಗಲಿ, ಅಂಥ ಪಕ್ಷ ನಿಲ್ಲತಕ್ಕ ಶಾಸನಸಭೆಯಾಗಲಿ ಅಲ್ಲಿರಲಿಲ್ಲ.

ಮುಂಬಯಿ ಪ್ರಾಂತದಲ್ಲಿ ಅಂಥದೊಂದು ಪಕ್ಷವು 1936ರ ಆಗಸ್ಟಿನಲ್ಲಿಯೇ ಹುಟ್ಟಿತು. ಡಾ॥ ಅಂಬೇಡಕರರು ಸ್ಥಾಪಿಸಿದ ಆ ಸ್ವತಂತ್ರ ಮಜೂರ ಪಕ್ಷವನ್ನು ಹಲವರು ಜಾತಿಯ ಪಕ್ಷವೆಂದು ಎಣಿಸುತ್ತಾರೆ. ಅದರ ಕಾರ್ಯಕ್ರಮವನ್ನು ಓದಿದರೆ ನಮಗೆ ಹಾಗೆ ತೋರುವುದಿಲ್ಲ. ಒಕ್ಕಲಿಗನನ್ನು ಹೊಲದಿಂದ ಎಬ್ಬಿಸದಂತೆ ರಕ್ಷಣೆ, ಭೂಅಡವು ಬ್ಯಾಂಕುಗಳು, ನ್ಯಾಯವಾದ ಕೂಲಿ, ಕೈಗಾರಿಕಾ ಶಿಕ್ಷಣ—ಇವು ಅದರ ಬೇಡಿಕೆಗಳು. 1937ರ ಚುನಾವಣೆಯಲ್ಲಿ ಅದರ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಗೆದ್ದರು. ಧಾರವಾಡದಲ್ಲಿ ದಲಿತವರ್ಗದ ಹುಡುಗರಿಗಾಗಿ 1929ರಲ್ಲಿ ತೆರೆದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದ ಬಲವಂತರಾವ್ ವರಾಳೆಯವರು ಬೆಳಗಾವಿ ಜಿಲ್ಲೆಯಿಂದ ಆರಿಸಿ ಬಂದರು. ಕನ್ನಡ ಸೀಮೆಯ ಕೂಲಿಕಾರರಿಗೆ ಶಾಸನಸಭೆಯಲ್ಲಿ ಹೀಗೊಂದು ಬಾಯಿ ದೊರೆಯಿತು.

ಈ ಗೆಲುವಿನ ಒಳಗೊಂದು ಊನವಿತ್ತು. 1935ರ ಶಾಸನದಂತೆ ಮತವು ಮುಖ್ಯವಾಗಿ ಆಸ್ತಿ, ಕಂದಾಯ, ವಿದ್ಯೆಗಳುಳ್ಳವರಿಗೆ ಸಲ್ಲುತ್ತಿದ್ದಿತು. ಭೂಮಿಯಿಲ್ಲದವನ ಹೆಸರಿನಲ್ಲಿ ಕಟ್ಟಿದ ಪಕ್ಷಕ್ಕೆ ಭೂಮಿಯಿಲ್ಲದವರಲ್ಲಿ ಬಹುಮಂದಿ ಮತ ಹಾಕುವಂತಿರಲಿಲ್ಲ! ದೂರದ ನಾರ್ವೆಯಲ್ಲಿ 1906ರಲ್ಲಿ ಯೋಹಾನ್ ಕಾಸ್ಟ್‌ಬರ್ಗರ ಮುಂದಾಳುತನದಲ್ಲಿ ಹುಟ್ಟಿದ, ಹಳ್ಳಿಯ ಕೂಲಿಕಾರರೂ ಸಣ್ಣ ಹಿಡುವಳಿದಾರರೂ ನೆಚ್ಚಿದ ‘ಕಾರ್ಮಿಕ ಪ್ರಜಾಸತ್ತಾವಾದಿ’ಗಳ ಪಕ್ಷವೂ ಚಿಕ್ಕದೇ. ಆದರೆ ಅಲ್ಲಿ ಗಂಡಸರಿಗೆ 1898ರಲ್ಲಿಯೇ ಸಾರ್ವತ್ರಿಕ ಮತ ದೊರೆತಿತ್ತು. ಆದುದರಿಂದಲೇ ಕಾಸ್ಟ್‌ಬರ್ಗರು ಮಂತ್ರಿಪದವಿಗೆ ಏರಿ, ಜಲಪಾತಗಳು ಬಂಡವಳಿಗರ ಶಾಶ್ವತ ಸೊತ್ತಾಗದಂತೆ ತಡೆಯುವ ಕಾನೂನಿಗೂ, ವಿವಾಹದ ಹೊರಗೆ ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರನ್ನೂ ಆಸ್ತಿಯ ಹಕ್ಕನ್ನೂ ಕೊಟ್ಟ 1915ರ ಕಾನೂನಿಗೂ ದುಡಿಯಬಲ್ಲವರಾದರು.

ಅಂಬೇಡಕರರು 1937ರ ಸೆಪ್ಟೆಂಬರಿನಲ್ಲಿ ಮಂಡಿಸಿದ, ಕೊಂಕಣದ ಖೋತಿ ಪದ್ಧತಿಯನ್ನು ತೆಗೆಯುವ ಮಸೂದೆಯಾದರೋ ಅಂಗೀಕಾರವಾಗಲಿಲ್ಲ. 1938ರ ಜನವರಿಯಲ್ಲಿ ಸುಮಾರು 20,000 ರೈತರು ಮುಂಬಯಿಯ ಶಾಸನಸಭೆಗೆ ಮೆರವಣಿಗೆ ನಡೆದರು. ಮತವಿಲ್ಲದವರಿಗೆ ಕಾಲುಗಳಾದರೂ ಇದ್ದುವು. ಅದೇ ವರ್ಷ ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸು ಕಣ್ಣುತೆರೆಯುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಲಿಂಗಸುಗೂರಿನ ಕೂಲಿಕಾರನಿಗೆ ಮೆರವಣಿಗೆಯ ದಾರಿಯೂ ಇರಲಿಲ್ಲವೆಂದೇ ಹೇಳಬೇಕು.

ಮಜೂರ ಪಕ್ಷವು ಬಹುಕಾಲ ಬಾಳಲಿಲ್ಲ. 1942ರಲ್ಲಿ ಅದರ ಸ್ಥಳವನ್ನು ಪರಿಶಿಷ್ಟ ಜಾತಿಗಳ ಫೆಡರೇಷನ್ನು ಹಿಡಿಯಿತು. ವರ್ಗದ ಹೆಸರು ಹೋಗಿ ಜಾತಿಯ ಹೆಸರು ಬಂದುದಕ್ಕೆ, ಯುದ್ಧಕಾಲದ ಸಂಧಾನಗಳಲ್ಲಿ ಆಂಗ್ಲ ಸರಕಾರವು ಜನರನ್ನು ಮತಜಾತಿಗಳ ಲೆಕ್ಕದಲ್ಲಿಯೇ ಎಣಿಸುತ್ತಿದ್ದುದು ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ. ಖೋತಿ ಹೋದುದು 1949ರಲ್ಲಿ, ಆಗ ಪಕ್ಷವಿರಲಿಲ್ಲ.

ನಿಜಾಮರ ಸೀಮೆಯಲ್ಲಿ ಜಹಗೀರುಗಳು ರದ್ದಾದುದೂ 1949ರಲ್ಲಿಯೇ. 1952ರಲ್ಲಿ ಸಿಂಧನೂರು, ಲಿಂಗಸುಗೂರುಗಳ ವಯಸ್ಕ ಕೂಲಿಕಾರರು, ಹೆಂಗಸರೂ ಸೇರಿ, ಮೊದಲ ಸಲ ಮತಪೆಟ್ಟಿಗೆಯ ಮುಂದೆ ನಿಂತರು. ತರುವಾಯ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಸಿಂಧನೂರು ಬತ್ತದ ನಾಡಾಯಿತು. ಜೀತವನ್ನು ಅಳಿಸುವ ಕಾನೂನು 1976ರಲ್ಲಿ ಬಂದಿತು. 2008ರಲ್ಲಿ ಮಸ್ಕಿಯೂ ಒಂದು ವಿಧಾನಸಭಾ ಕ್ಷೇತ್ರವಾಗಿ ಪರಿಶಿಷ್ಟ ಪಂಗಡಗಳಿಗೆ ಮೀಸಲಾಯಿತು. ಲಿಂಗಸುಗೂರು ಪರಿಶಿಷ್ಟ ಜಾತಿಗಳಿಗೆ. ಮತವಂತೂ ಈಗ ಎಲ್ಲರಿಗೂ ಇದೆ. ಆದರೆ ಕಾಲುವೆಯ ನೀರು ಮುಟ್ಟದ ಊರುಗಳ ಜನರು ಸುಗ್ಗಿ ತೀರಿದೊಡನೆ ಬೆಂಗಳೂರಿಗೋ ಇನ್ನೆಲ್ಲಿಗೋ ಗುಳೆ ಹೋಗುತ್ತಾರೆ. ಅವರ ಹೆಸರು ಊರಿನ ಮತಪಟ್ಟಿಯಲ್ಲಿ, ಅವರು ಕಟ್ಟಡದ ಕೆಲಸದಲ್ಲಿ.