ಯಾರ್ಕ್ ನಗರದ ವರ್ತಕನೂ ಮನೋರೋಗಿಗಳ ತೋಟವೂ

ಚಿತ್ತಭ್ರಮೆಗೆ ಒಳಗಾದವರನ್ನು ಸರಪಳಿಯಿಂದ ಬಿಗಿದು ಕತ್ತಲೆಯ ಕೋಣೆಯಲ್ಲಿ ಇಡುವುದು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಸಾಮಾನ್ಯವಾಗಿತ್ತು. ವಿವೇಕವನ್ನು ಕಳೆದುಕೊಂಡವನಿಗೆ ಚಳಿ, ಹಸಿವು, ಅವಮಾನಗಳ ಅರಿವೂ ಇರದೆಂದು ಅನೇಕರು ಭಾವಿಸಿದ್ದರು. ಈ ಭಾವನೆಯನ್ನು ಪ್ರಶ್ನಿಸಿದವರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಚಹಾ ವರ್ತಕ ವಿಲಿಯಂ ಟ್ಯೂಕ್ ಒಬ್ಬರು. ಅವರು ವೈದ್ಯರಲ್ಲ; ಯುದ್ಧ ಹಿಂಸೆಗಳನ್ನು ನಿರಾಕರಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಗೃಹಸ್ಥರು.

1790ರಲ್ಲಿ ಹನ್ನಾ ಮಿಲ್ಸ್ ಎಂಬ ಕ್ವೇಕರ್ ವಿಧವೆಯು ಆ ನಗರದ ಹುಚ್ಚಾಸ್ಪತ್ರೆಯನ್ನು ಸೇರಿ, ಕೆಲವೇ ವಾರಗಳಲ್ಲಿ ತೀರಿಕೊಂಡರು. ಆಕೆಯನ್ನು ಕಾಣಲು ಹೋದ ಪಂಥಬಾಂಧವರಿಗೆ ಒಳಗೆ ಪ್ರವೇಶ ದೊರೆತಿರಲಿಲ್ಲ. ಈ ಸಾವಿನಿಂದ ಎಚ್ಚೆತ್ತ ಟ್ಯೂಕ್ ಅವರು ತಮ್ಮವರಿಂದ ಹಣ ಕೂಡಿಸಿ, 1796ರಲ್ಲಿ ‘ರಿಟ್ರೀಟ್’ ಎಂಬ ಆಶ್ರಯಧಾಮವನ್ನು ತೆರೆದರು.

ಊರ ಹೊರಗಿನ ದಿಬ್ಬದ ಮೇಲೆ, ದೂರದವರೆಗೂ ಹಸಿರು ಬಯಲು ಕಾಣುವ ಸ್ಥಳವನ್ನು ಅದಕ್ಕಾಗಿ ಆರಿಸಲಾಗಿತ್ತು. ಅಲ್ಲಿ ಸರಪಳಿಗಳಿಗೆ ಎಡೆಯಿರಲಿಲ್ಲ. ಕಿಟಕಿಗಳ ಕಬ್ಬಿಣದ ಚೌಕಟ್ಟುಗಳೂ ಮರದವುಗಳಂತೆ ಕಾಣುವ ಹಾಗೆ ರಚಿತವಾಗಿದ್ದವು. ರೋಗಿಗಳು ತೋಟದಲ್ಲಿ ವಿಹರಿಸುತ್ತಿದ್ದರು. ಶಕ್ತರಾದವರು ಕೈಲಾದ ಕೆಲಸ ಮಾಡುತ್ತಿದ್ದರು. ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿಗಳನ್ನು ಬಿಟ್ಟಿದ್ದರೆಂದು ವಿಲಿಯಂ ಅವರ ಮೊಮ್ಮಗ ಸ್ಯಾಮ್ಯುಯೆಲ್ ಟ್ಯೂಕ್ 1813ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಈ ಪ್ರಾಣಿಗಳ ಒಡನಾಟವು ರೋಗಿಗಳಲ್ಲಿ ದಯಾಭಾವವನ್ನು ಜಾಗೃತಗೊಳಿಸುವುದೆಂದು ಅವರು ನಂಬಿದ್ದರು.

ಇಲ್ಲಿಯೇ ನಾವು ಗಮನಿಸಬೇಕಾದ ತತ್ತ್ವವಿದೆ. ಸದಾ ಪರರ ಕರುಣೆಗೆ ಪಾತ್ರನಾಗಿಯೇ ಬಾಳುವ ರೋಗಿಗೆ ತಾನೂ ಕರುಣೆ ತೋರಬಲ್ಲೆನೆಂಬ ಅರಿವು ದೊಡ್ಡ ಔಷಧ. ಒಂದು ಮೊಲಕ್ಕೆ ಹುಲ್ಲನ್ನು ನೀಡುವವನು ಆ ಕ್ಷಣದಲ್ಲಿ ರೋಗಿಯಲ್ಲ, ದಾತೃ.

ಹಸಿರಿನ ಗುಣವನ್ನು ಮುಂದೆ ವಿಜ್ಞಾನವೂ ಪರೀಕ್ಷಿಸಿತು. ಅಮೆರಿಕದ ರೋಜರ್ ಉಲ್ರಿಚ್ ಅವರು ಪಿತ್ತಕೋಶದ ಶಸ್ತ್ರಚಿಕಿತ್ಸೆಗೊಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಟಕಿಯಿಂದ ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಮರಗಳನ್ನು ಕಾಣುತ್ತಿದ್ದವರು ಬೇಗನೆ ಮನೆಗೆ ತೆರಳಿದ್ದರು. ತೀಕ್ಷ್ಣವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ಪರೀಕ್ಷೆ ಚಿಕ್ಕದು, ಮರವೊಂದೇ ಮದ್ದೆಂದು ಅದರಿಂದ ತೀರ್ಮಾನಿಸುವಂತಿಲ್ಲ. ವೈದ್ಯನ ಸ್ಥಾನವನ್ನು ತೋಟವು ತುಂಬಲಾರದು.

ಆದರೂ ಆಸ್ಪತ್ರೆ, ವೃದ್ಧಾಶ್ರಮ, ವಿದ್ಯಾರ್ಥಿನಿಲಯಗಳನ್ನು ಕಟ್ಟಿಸುವ ವಿಶ್ವಸ್ತ ಮಂಡಲಿಗಳು ಇದನ್ನು ಮನಗಾಣಬೇಕು. ತೋಟವನ್ನು ಉಳಿದ ಹಣದಲ್ಲಿ ಮಾಡಿದರಾಯಿತೆಂದು ಮುಂದೂಡಿದರೆ, ಕಡೆಗೆ ಹಣ ಉಳಿದರೂ ನೆಲ ಉಳಿದಿರುವುದಿಲ್ಲ. ಕಟ್ಟಡದ ನಕಾಶೆ ಸಿದ್ಧವಾಗುವ ದಿನವೇ ಮರಕ್ಕೂ ಹಕ್ಕಿಗೂ ಪಾಲನ್ನು ಗುರುತಿಸಿಡುವುದು ವಿವೇಕ. ನೊಂದ ಮನಸ್ಸಿಗೆ ಅದು ಚಿಕಿತ್ಸೆಯ ಭಾಗವೇ ಹೊರತು ಅಲಂಕಾರವಲ್ಲ.