ಶಿಖರದಲ್ಲಿ ಮೊದಲೇ ಇದ್ದ ಮಕ್ಕಳು

ಚಿಲಿ–ಅರ್ಜೆಂಟೀನಾ ಗಡಿಯಲ್ಲಿ, ಅಟಕಾಮ ಮರುಭೂಮಿಯ ಅಂಚಿಗೆ, ಯುಯಾಯ್ಯಾಕೊ ಎಂಬ ಜ್ವಾಲಾಮುಖಿ ಇದೆ. ಎತ್ತರ 6,739 ಮೀಟರ್. 1952ರಲ್ಲಿ ಚಿಲಿಯ ಇಬ್ಬರು ಆರೋಹಿಗಳು ತುದಿ ಮುಟ್ಟಿದರು. ತಾವೇ ಮೊದಲಿಗರೆಂದುಕೊಂಡರೆ, ಅಲ್ಲಿ ಹಳೆಯ ಕಲ್ಲುಗೋಡೆಗಳಿದ್ದವು! ಪರ್ವತಾರೋಹಣದ ಸಲಕರಣೆಗಳೇ ಇಲ್ಲದ ಇಂಕಾ ಜನ ಸುಮಾರು 500 ವರ್ಷ ಹಿಂದೆಯೇ ಹತ್ತಿದ್ದರು.

ಯಾಕೆ ಹತ್ತಿದರು? ಉತ್ತರ ಸಿಕ್ಕಿದ್ದು 1999ರಲ್ಲಿ. ಯೋಹಾನ್ ರೈನ್‌ಹಾರ್ಡ್, ಕಾನ್ಸ್ತಾನ್ಸಾ ಸೆರೂತಿ ಅವರ ತಂಡ ತುದಿಯಲ್ಲಿ ಅಗೆದಾಗ, ದೇವರಿಗೆ ಬಲಿಕೊಟ್ಟ ಮೂವರು ಮಕ್ಕಳ ದೇಹಗಳು ಸಿಕ್ಕವು. ಕೊರೆಯುವ ಚಳಿ, ಒಣಗಾಳಿಯಿಂದ ಕೂದಲು ಕೂಡ ಬಹುಮಟ್ಟಿಗೆ ಕೆಡದೆ ಉಳಿದಿತ್ತು. ಆ ಕೂದಲೇ ಮುಂದೆ ಸಾಕ್ಷಿ ಹೇಳಿತು. 2013ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ, ಸುಮಾರು 13ರ ಹುಡುಗಿಗೆ ಕೊನೆಯ ತಿಂಗಳುಗಳಲ್ಲಿ ಕೋಕಾ ಎಲೆ, ಮದ್ಯ ಹೆಚ್ಚು ಹೆಚ್ಚಾಗಿ ಕೊಡಲಾಗಿತ್ತು.

ಮಕ್ಕಳನ್ನು ಸಾಲ್ತಾ ನಗರದ ಮ್ಯೂಸಿಯಂಗೆ ತಂದಾಗ ಸ್ಥಳೀಯ ಮೂಲನಿವಾಸಿಗಳಲ್ಲಿ ಹಲವರು ವಿರೋಧಿಸಿದರು. ನೋಡುವ ಕುತೂಹಲ ನಮ್ಮದು. ಮಲಗಿದ್ದವರು ಮಕ್ಕಳು ಎಂಬುದನ್ನು ಮರೆಯದಿರೋಣ.