ಪುರಾತತ್ತ್ವ ಸಸ್ಯಶಾಸ್ತ್ರ

ಪುರಾತತ್ತ್ವ ಸಸ್ಯಶಾಸ್ತ್ರವು ಪ್ರಾಚೀನ ಜನವಸತಿಗಳಲ್ಲಿ ಉಳಿದುಬಂದ ಸಸ್ಯಾವಶೇಷಗಳನ್ನು ಪರಿಶೀಲಿಸಿ, ಅಂದಿನ ಜನರು ಏನನ್ನು ಬೆಳೆದರು, ಏನನ್ನು ಉಂಡರು, ಯಾವ ಮರವನ್ನು ಉರುವಲಾಗಿ ಬಳಸಿದರು ಎಂಬುದನ್ನು ಅರಿಯುವ ಅಧ್ಯಯನ ಶಾಖೆ. ಇದನ್ನು ಆರ್ಕಿಯೋಬಾಟನಿ ಎಂದೂ ಕರೆಯುತ್ತಾರೆ. ಕೋಟ್ಯಂತರ ವರ್ಷಗಳ ಹಿಂದಿನ ಸಸ್ಯ ಪಳೆಯುಳಿಕೆಗಳನ್ನು ಅಭ್ಯಸಿಸುವ ಪುರಾಸಸ್ಯಶಾಸ್ತ್ರ ಬೇರೆಯೇ ವಿಷಯ. ಇಲ್ಲಿ ಮುಖ್ಯವಾಗುವುದು ಮನುಷ್ಯನಿಗೂ ಸಸ್ಯಕ್ಕೂ ಇದ್ದ ಸಂಬಂಧ.

ಅವಶೇಷಗಳು ಮತ್ತು ಸಂಗ್ರಹ ವಿಧಾನ

ಮಣ್ಣಿಗೆ ಬಿದ್ದ ಕಾಳು ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ಒಲೆಯ ಬೆಂಕಿಗೆ ಸಿಕ್ಕಿ ಪೂರ್ತಿ ಬೂದಿಯಾಗದೆ ಇದ್ದಿಲಾದ ಕಾಳನ್ನು ಮಾತ್ರ ಸೂಕ್ಷ್ಮಜೀವಿಗಳು ತಿನ್ನಲಾರವು. ಅದು ಸಾವಿರಾರು ವರ್ಷ ಉಳಿಯಬಲ್ಲದು. ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿದಾಗ ಹಗುರವಾದ ಇದ್ದಿಲು ಮೇಲೆ ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಗೆ ಬಸಿದು, ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಗುರುತಿಸಲಾಗುತ್ತದೆ. ಈ ತೇಲಿಸುವ ವಿಧಾನವು 1960ರ ದಶಕದ ನಂತರ ವ್ಯಾಪಕವಾಗಿ ಬಳಕೆಗೆ ಬಂದಿತು. ಅದಕ್ಕೂ ಮುನ್ನ ಕಣ್ಣಿಗೆ ಬಿದ್ದ ಕಾಳಷ್ಟೇ ದೊರೆಯುತ್ತಿದ್ದುದರಿಂದ ಕಿರುಧಾನ್ಯಗಳು ಬಹುಮಟ್ಟಿಗೆ ಮಣ್ಣಿನ ಜೊತೆಯಲ್ಲೇ ಹೊರಹೋಗುತ್ತಿದ್ದವು. ಪರಾಗ, ಪಿಷ್ಟದ ಕಣಗಳು ಹಾಗೂ ಸಸ್ಯಕೋಶಗಳಲ್ಲಿ ರೂಪುಗೊಳ್ಳುವ ಸಿಲಿಕಾ ಕಣಗಳೂ ಪುರಾವೆಯಾಗುತ್ತವೆ.

ಸೊಪ್ಪು, ಗೆಡ್ಡೆ, ಹಣ್ಣುಗಳು ಹೀಗೆ ಇದ್ದಿಲಾಗಿ ಉಳಿಯುವುದು ಅಪರೂಪ. ಆದುದರಿಂದ ದೊರೆತ ಕಾಳುಗಳ ಪಟ್ಟಿಯನ್ನೇ ಅಂದಿನ ಊಟದ ಪೂರ್ಣ ಪಟ್ಟಿಯೆಂದು ಭಾವಿಸಬಾರದು.

ಕರ್ನಾಟಕದಲ್ಲಿ

ದಕ್ಷಿಣ ಭಾರತದ ನವಶಿಲಾಯುಗ (ಕ್ರಿ.ಪೂ. ಸುಮಾರು 3000–1200) ಬೂದಿದಿಬ್ಬಗಳಿಗೆ ಹೆಸರಾಗಿದೆ. ಇವು ದನದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಂಟಾದ ದಿಬ್ಬಗಳು. ಇದರಿಂದಾಗಿ ಆ ಜನರನ್ನು ಮುಖ್ಯವಾಗಿ ದನಗಾಹಿಗಳೆಂದು ಪರಿಗಣಿಸಲಾಗಿತ್ತು. ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರಾ ತೀರದ ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್, ಪಿ. ಸಿ. ವೆಂಕಟಸುಬ್ಬಯ್ಯ ಮತ್ತಿತರರು ತೇಲಿಸಿ ಪರೀಕ್ಷಿಸಿದಾಗ ಬೇಸಾಯದ ಚಿತ್ರವೂ ಸ್ಪಷ್ಟವಾಯಿತು. ಪದೇಪದೇ ದೊರೆತವು ನಾಲ್ಕು: ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಸಂಬಂಧಿಯಾದ ಒಂದು ಹುಲ್ಲಿನ ಕಾಳು. ನಾಲ್ಕೂ ಮುಂಗಾರು ಮಳೆಗೆ ಒಗ್ಗಿದವು, ಈ ನೆಲಕ್ಕೆ ಸೇರಿದವು. ಹೀಗಾಗಿ ದಕ್ಷಿಣ ಭಾರತವು ಕೃಷಿಯನ್ನು ಪೂರ್ತಿಯಾಗಿ ಹೊರಗಿನಿಂದ ಪಡೆಯದೆ, ಕೆಲವು ಬೆಳೆಗಳನ್ನು ತಾನೇ ಪಳಗಿಸಿತೆಂಬ ವಾದಕ್ಕೆ ಬಲ ಬಂದಿತು. ಗೋಧಿ, ಬಾರ್ಲಿಗಳು ಕೆಲವು ನೆಲೆಗಳಲ್ಲಿ ದೊರೆತಿವೆಯಾದರೂ ಅವು ವಾಯವ್ಯದ ಕಡೆಯಿಂದ ಬಂದ ಚಳಿಗಾಲದ ಬೆಳೆಗಳು.

ಕಾಳಿನ ಗಾತ್ರವೂ ಒಂದು ಸಾಕ್ಷ್ಯ. ಹೆಸರುಕಾಳು ದಪ್ಪವಾದದ್ದು ಸಾಗುವಳಿ ಆರಂಭವಾಗಿ ಬಹುಕಾಲ ಕಳೆದ ಮೇಲೆ. ಪಳಗಿಸುವಿಕೆ ಒಂದೆರಡು ತಲೆಮಾರುಗಳಲ್ಲಿ ಮುಗಿದ ಕೆಲಸವಲ್ಲ.

ರಾಗಿಯ ವಿವಾದ

ರಾಗಿಯ ಮೂಲ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಹಳ್ಳೂರಿನ ನವಶಿಲಾಯುಗದ ಸ್ತರಗಳಲ್ಲಿ ರಾಗಿ ಇತ್ತೆಂದು ಮೊದಲು ವರದಿಯಾಗಿತ್ತು. ಪಠ್ಯಗಳಲ್ಲಿ ಇಂದಿಗೂ ಈ ಮಾತು ಕಾಣಸಿಗುತ್ತದೆ. ಆದರೆ ಭಾರತದ ಹಳೆಯ ರಾಗಿ ವರದಿಗಳಲ್ಲಿ ಹಲವು ಸಂದೇಹಾಸ್ಪದವೆಂದು ಫುಲ್ಲರ್ ವಾದಿಸಿದ್ದಾರೆ. ಸುಟ್ಟ ಬೇರೆ ಕಿರುಧಾನ್ಯಗಳನ್ನು ರಾಗಿಯೆಂದು ಭ್ರಮಿಸುವುದು ಸುಲಭ. ಮೇಲಾಗಿ, ಸಣ್ಣ ಕಾಳು ಇಲಿಬಿಲಗಳ ಮೂಲಕ ಮೇಲಿನ ಸ್ತರದಿಂದ ಕೆಳಕ್ಕೆ ಜಾರಬಹುದು. ಸುತ್ತಲಿನ ಇದ್ದಿಲಿನ ಬದಲು ಆಯಾ ಕಾಳಿನದೇ ಕಾಲವನ್ನು ರೇಡಿಯೋಕಾರ್ಬನ್ ವಿಧಾನದಿಂದ ನಿರ್ಣಯಿಸಿದರೆ ಈ ಎರಡನೆಯ ಸಂದೇಹ ನೀಗುತ್ತದೆ. ಅತ್ತ, ಹಳೆಯ ಸ್ತರಗಳಲ್ಲಿ ನಿಸ್ಸಂದೇಹವಾಗಿ ದೊರೆಯುವ ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕೆಲವು ಭಾಗಗಳ ರೈತರು ಈಗಲೂ ಬೆಳೆಯುತ್ತಾರೆ.